ಬಯ್ಯಪ್ಪನ ಅಟ್ಟದ ಕೆಳಗೆ

ಬಯ್ಯಪ್ಪನ ಮೇಕೆಗಳು ಅಟ್ಟದ ಮೇಲೆ ಮಲಗುತ್ತಿದ್ದವು. ಪಕ್ಕದ ಮನೆಯ ಗಂಗುಲಪ್ಪನ ಹೊಟ್ಟೆಯುರಿಗೆ ಅಷ್ಟು ಸಾಕಿತ್ತು.

ಹಾಗಂತ ಆ ಕೊಟ್ಟಿಗೆ ಅರಮನೆಯೇನಲ್ಲ. ಕಿತ್ತುಹಾಕಿದ ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಸೊಂಟದೆತ್ತರದಲ್ಲಿ ಸಂದುಬಿಟ್ಟು ಹಗ್ಗದಿಂದ ಬಿಗಿದ ಬಿದಿರುಪಟ್ಟಿಯ ಅಟ್ಟವೇ ನೆಲ, ಮೇಲೆ ತೆಂಗಿನ ಗರಿ. ಗಂಗುಲಪ್ಪ ಅದನ್ನು ಕೋಳಿಗೂಡು ಎಂದು ಊರೆಲ್ಲ ಆಡಿಕೊಂಡಿದ್ದ. ತನ್ನ ಮೇಕೆಗಳಿಗೆ ಮಾತ್ರ ಸಿಮೆಂಟು ನೆಲ, ತಗಡಿನ ಶೀಟು, ನೀಲಿ ಗೇಟು ಹಾಕಿಸಿ ಬಂಗಲೆಯನ್ನೇ ಕಟ್ಟಿಸಿದ್ದ. ಇಷ್ಟಾಗಿಯೂ ಪೆರೇಸಂದ್ರದಿಂದ ಬರುವ ದನದ ಡಾಕ್ಟರು, ಮೇಕೆ ಸಾಕುವವರ ಸಂಘದ ಕ್ಯಾಲೆಂಡರಿನ ಫೋಟೋಗೆ ಆರಿಸಿದ್ದು ಕೋಳಿಗೂಡನ್ನೇ. ಇನ್ನು ವರ್ಷಪೂರ್ತಿ ಸುತ್ತೇಳು ಹಳ್ಳಿಯ ಗೋಡೆಗಳ ಮೇಲೆ ಬಯ್ಯಪ್ಪನ ಮುಖ! ಆ ಯೋಚನೆಗೇ, ಫೋಟೋ ತೆಗೆಯುವ ದಿನ ಗಂಗುಲಪ್ಪ ಬೆಳಗಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದ.

"ಅವ್ರನ್ನ ಕಂಡ್ರೆ ನಿಮ್ಗ್ಯಾಕಷ್ಟು ಉರಿ? ಶೀಟು ಕಾದು ನಮ್ಮ ಮೇಕೆಗಳು ನಾಲ್ಗೆ ಹೊರಗೆ ಹಾಕವೆ, ಮೊದ್ಲು ಅದನ್ನ ನೋಡಿ" ಎಂದಳು ಹೆಂಡತಿ ವರಲಕ್ಷ್ಮಮ್ಮ.

ಅದನ್ನು ನೋಡುವ ಪುರುಸೊತ್ತು ಯಾರಿಗಿದೆ? ಬಯ್ಯಪ್ಪನ ಮೇಕೆಗಳು ಹುಣಸೆಮರದ ಕೆಳಗಿದ್ದವು. ಡಾಕ್ಟರನ್ನು ಕರೆತರಲು ಅವನು ಬಸ್‌ಸ್ಟಾಪಿಗೆ ಹೋದದ್ದೇ ತಡ, ಗಂಗುಲಪ್ಪ ಕುಡುಗೋಲು ಹಿಡಿದು ಅಟ್ಟದ ಕೆಳಗೆ ತೂರಿದ. ನಾಲ್ಕು ಗಂಟು ಕೊಯ್ದರೆ ಸಾಕು, ಫೋಟೋ ಹೊತ್ತಿಗೆ ಪಟ್ಟಿ ಜಾರಿ ಬಯ್ಯಪ್ಪನ ಮಾನ ಮೂರುಕಾಸಾಗುತ್ತದೆ.

ಒಂದು ಗಂಟು ಕೊಯ್ದದ್ದಷ್ಟೇ. ಡಾಕ್ಟರು ಬೈಕಿನಲ್ಲೇ ಬಂದುಬಿಟ್ಟಿದ್ದರು, ಹಿಂದೆ ಬಯ್ಯಪ್ಪ ಕೂತಿದ್ದ. ಜನ ಸೇರಿದರು. ಓಡಲು ದಾರಿ ಕಾಣದೆ ಗಂಗುಲಪ್ಪ ಹಿಕ್ಕೆಯ ರಾಶಿಯ ಮೇಲೆ ಉಸಿರು ಬಿಗಿಹಿಡಿದು ಮಲಗಿದ.

ತಲೆಯ ಮೇಲೆ ಗೊರಸುಗಳು ಟಕಟಕ ಎಂದವು. ಬಯ್ಯಪ್ಪನಿಗಿರುವುದು ಎಂಟೇ ಮೇಕೆ. ಇಲ್ಲಿ ನೋಡಿದರೆ ದೊಡ್ಡ ಹಿಂಡೇ ನುಗ್ಗಿದಂತಿತ್ತು. ಡಾಕ್ಟರು ವಿವರಿಸತೊಡಗಿದರು: ಖರ್ಚು ಕಡಿಮೆ, ಗಾಳಿ ಚೆನ್ನಾಗಿ ಆಡುತ್ತದೆ, ಗೊರಸು ಕೊಳೆಯುವುದಿಲ್ಲ, ಗಂಜಲ ಒಂದು ಹನಿಯೂ ಮೇಲೆ ನಿಲ್ಲುವುದಿಲ್ಲ. ಆ ಹನಿಗಳೆಲ್ಲ ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ಗಂಗುಲಪ್ಪನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕೊನೆಗೊಂದು ಧಾರೆ ನೇರ ಮೂಗಿಗೇ ಬಿತ್ತು. ಗಂಗುಲಪ್ಪ ಸೀನಿದ. ಊರಿಗೆ ಊರೇ ಬಗ್ಗಿ ನೋಡಿತು.

ಬಯ್ಯಪ್ಪ ಕುಡುಗೋಲು ನೋಡಿದ, ಕೊಯ್ದ ಹಗ್ಗ ನೋಡಿದ. ಹಗ್ಗದ ತುಂಡನ್ನು ಮೆಲ್ಲಗೆ ಜೇಬಿಗಿಳಿಸಿ ಹೇಳಿದ: "ನಮ್ಮ ಗಂಗುಲಪ್ಪಣ್ಣ, ಸಾರ್. ಗೊಬ್ಬರ ಬಾಚಿಕೊಡಕ್ಕೆ ಬಂದವ್ರೆ. ದಿನಾ ಬರ್ತಾರೆ. ಅಲ್ವಾ ಅಣ್ಣಾ?"

"ಹೂಂ" ಎನ್ನದೆ ಗಂಗುಲಪ್ಪನಿಗೆ ಬೇರೆ ಗತಿಯಿರಲಿಲ್ಲ.

ಈಚೆಗೆ ತೆವಳಿ ಬಂದು ತಲೆಯೆತ್ತಿದರೆ, ತಾನು ಮಲಗಿದ್ದ ಜಾಗದ ನೇರಕ್ಕೆ ನಿಂತು ಮೆಲುಕುಹಾಕುತ್ತಿದ್ದದ್ದು ತನ್ನದೇ ಮುರುಕೊಂಬಿನ ಮೇಕೆ. ಅದರ ಹಿಂದೆ ತನ್ನ ಉಳಿದ ಹನ್ನೊಂದೂ ಇದ್ದವು.

"ಶೀಟಿನ ಕೆಳಗೆ ಬೇಯ್ತಿದ್ವು. ಬೆಳಿಗ್ಗೇನೇ ಬಯ್ಯಪ್ಪಣ್ಣನ್ನ ಕೇಳಿದ್ದೆ, ಅವ್ರ ಮೇಕೆ ಜೊತೆ ನಮ್ಮವನ್ನೂ ಹತ್ತಿಸ್ದೆ" ಎಂದಳು ವರಲಕ್ಷ್ಮಮ್ಮ, ಮೂಗಿಗೆ ಸೆರಗು ಹಿಡಿದು.

ಕ್ಯಾಲೆಂಡರ್ ಬಂತು. ಅಟ್ಟದ ಮೇಲೆ ಇಪ್ಪತ್ತು ಮೇಕೆಗಳ ನಡುವೆ ಬಯ್ಯಪ್ಪ ನಗುತ್ತಿದ್ದಾನೆ. ಕೆಳಗೆ ಗಂಗುಲಪ್ಪ ಬುಟ್ಟಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾನೆ. ಬಯ್ಯಪ್ಪ ತನ್ನ ಪ್ರತಿಯನ್ನು ಕೊಟ್ಟಿಗೆಯ ಕಂಬಕ್ಕೇ ತೂಗುಹಾಕಿದ್ದಾನೆ, ಆ ಹಗ್ಗದ ತುಂಡಿನಿಂದ. ದಿನಾ ಬೆಳಿಗ್ಗೆ ಗೊಬ್ಬರ ಬಾಚಲು ಬರುವ ಗಂಗುಲಪ್ಪನಿಗೆ ಮೊದಲು ಕಾಣುವುದು ಅದೇ.