ಎಡಗೋಡಿನ ಗೊಂಡೆ

ವರ್ಜೀನಿಯಾದ ಆಲ್ಡಿಯಲ್ಲಿ ವಾಸವಾಗಿರುವ, ಹರ್ನ್‌ಡನ್ನಿನ ಕಂಪನಿಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವ, ಜೀವಮಾನದಲ್ಲಿ ಒಮ್ಮೆಯೂ ಕುದುರೆ ಏರದ ಶ್ರೀ ಸಿದ್ಧಲಿಂಗೇಶ್ ಅವರು 2020ರ ಏಪ್ರಿಲಿನಿಂದ 2024ರ ಮಾರ್ಚಿನವರೆಗೆ ಇಂಗ್ಲಿಷಿನಲ್ಲಿ ತೊಂಬತ್ತೊಂಬತ್ತು ಕೌಬಾಯ್ ಕಾದಂಬರಿಗಳನ್ನು ಬರೆದರು ಎಂಬುದರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಬಂದದ್ದು ನೂರನೆಯದಕ್ಕೆ.

ಇದಕ್ಕೆಲ್ಲ ಮೂಲ ಕಾರಣ ಲಾಕ್‌ಡೌನು. ಆಫೀಸು ಮನೆಗೇ ಬಂದದ್ದರಿಂದ ಟೋಲ್ ರಸ್ತೆಯಲ್ಲಿ ಕಳೆಯುತ್ತಿದ್ದ ಒಂದು ಗಂಟೆ ನಲವತ್ತು ನಿಮಿಷ ದಿನವೂ ಉಳಿಯತೊಡಗಿತು. ಸಿದ್ಧಲಿಂಗೇಶ್ ಸಮಯ ಹಾಳು ಮಾಡುವವರಲ್ಲ. ಸೌತ್ ಕ್ಯಾರೊಲೈನಾದ ತ್ರೀ ಸ್ಟಿರಪ್ ಪೇಪರ್‌ಬ್ಯಾಕ್ಸ್ ಎಂಬ ಪ್ರಕಾಶನ ಸಂಸ್ಥೆಯವರು ತಿಂಗಳಿಗೆ ಕನಿಷ್ಠ ಎರಡು ಕಾದಂಬರಿ ಕೊಡಬಲ್ಲ ಲೇಖಕರು ಬೇಕೆಂದು ಜಾಹೀರಾತು ಹಾಕಿದ್ದರು. ಇವರು ಅರ್ಜಿ ಹಾಕಿದರು. ಸಂಸ್ಥೆಯವರು ಇವರಿಗೆ ಡಸ್ಟಿ ಹಾರ್‌ಗ್ರೋವ್ ಎಂಬ ಹೆಸರನ್ನೂ, ಪುಸ್ತಕದ ಹಿಂಬದಿಗೆಂದು ಟೋಪಿ ಹಾಕಿದ ಬೇರೊಬ್ಬನ ಭಾವಚಿತ್ರವನ್ನೂ ಮಂಜೂರು ಮಾಡಿದರು. ಎರಡೂ ಇವರಿಗೆ ಚೆನ್ನಾಗಿಯೇ ಒಪ್ಪಿದವು.

ತೊಂದರೆ ಶುರುವಾದದ್ದು ಎರಡನೆಯ ಕಾದಂಬರಿಯಲ್ಲಿ. ಅರವತ್ತನೆಯ ಪುಟಕ್ಕೇ ಸಾಯಬೇಕಾದವರೆಲ್ಲ ಗುಂಡೇಟಿಗೆ ಸತ್ತುಬಿಟ್ಟರು. ಇನ್ನೂ ನೂರು ಪುಟ ತುಂಬಬೇಕು. ಬಂದೂಕು ಕೆಳಗಿಟ್ಟ ಮೇಲೆ ಈ ದನಗಾಹಿಗಳು ದಿನವಿಡೀ ಏನು ಮಾಡುತ್ತಾರೆಂದು ತೋಚದೆ ಅವರು ಮುಧೋಳದಲ್ಲಿದ್ದ ತಾಯಿ ಶಾಂತಾಬಾಯಿಗೆ ಫೋನ್ ಮಾಡಿದರು.

"ದನಾ ಕಾಯೋರು ಎಲ್ಲಿದ್ರೂ ದನಾ ಕಾಯೋರ," ಎಂದರು ಶಾಂತಾಬಾಯಿ. "ಕಾರ ಹುಣ್ಣಿಮಿ ಮಾಡಂಗಿಲ್ಲೇನು ಅವ್ರು?"

ಮಾಡದೆ ಏನು? ಅರಿಜೋನಾದ ಕೌಬಾಯ್‌ಗಳು ಅಂದಿನಿಂದ ಎತ್ತಿನ ಮೈ ತೊಳೆದರು, ಕೋಡಿಗೆ ಕೆಂಪು ನೀಲಿ ಬಣ್ಣ ಬಳಿದರು, ಗೊಂಡೆ ಕಟ್ಟಿದರು. ಊರ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಎತ್ತು ಓಡಿಸಿ, ಕರಿ ಹರಿದರು. ಬಿಳಿ ಎತ್ತು ಮೊದಲು ಹಗ್ಗ ಹರಿದರೆ ಆ ವರ್ಷ ಬಿಳಿಜೋಳ ಚೆನ್ನಾಗಿ ಬರುವುದೆಂದು ಶೆರಿಫ್ ಸಾಹೇಬರು ಘೋಷಿಸಿದರು. ಮಧ್ಯಾಹ್ನ ಎಲ್ಲರೂ ಮರದ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ಉಂಡರು. ಪ್ರಕಾಶಕರು ಒಂದಕ್ಷರ ತಿದ್ದಲಿಲ್ಲ. ಅವರೂ ಅಮೆರಿಕದ ಪಶ್ಚಿಮಕ್ಕೆ ಹೋದವರಲ್ಲ. ತನ್ನ ಮುತ್ತಜ್ಜನೂ ಥೇಟ್ ಹೀಗೇ ಕೋಡಿಗೆ ಬಣ್ಣ ಹಚ್ಚುತ್ತಿದ್ದನೆಂದು ಟೆಕ್ಸಾಸಿನ ಓದುಗರೊಬ್ಬರು ಕಣ್ಣೀರು ತುಂಬಿ ಬರೆದ ಪತ್ರವನ್ನು ಸಂಸ್ಥೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿತು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ 2024ರ ಮಾರ್ಚಿನಲ್ಲಿ ಶಾಂತಾಬಾಯಿ ಆರು ತಿಂಗಳ ಮಟ್ಟಿಗೆ ಆಲ್ಡಿಗೆ ಬಂದರು. ಕಪಾಟಿನಲ್ಲಿ ಸಾಲಾಗಿ ನಿಂತಿದ್ದ ತೊಂಬತ್ತೊಂಬತ್ತನ್ನೂ ಒಂದೊಂದಾಗಿ ತೆಗೆದು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರಾದ್ದರಿಂದ ಅವನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಕಾಣುತ್ತದೆಂಬುದು ಅವರಿಗೆ ಬಾಯಿಪಾಠ.

"ಇಷ್ಟು ಪುಸ್ತಕದಾಗ ನಿನ್ನ ಹೆಸರು ಎಲ್ಲೈತೋ ಸಿದ್ದು?"

ಸಿದ್ಧಲಿಂಗೇಶ್ ಪುಸ್ತಕಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸತೊಡಗಿದರು. ಮಗ ಅಮೆರಿಕದಲ್ಲಿ ಲೇಖಕನಾಗಿದ್ದಾನೆಂದು ತಾಯಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು, ಯಾರೂ ನಂಬಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಸಿದ್ಧಲಿಂಗೇಶ್ ಈ ಮಾತು ತೆಗೆದರು. ಹೆಂಡತಿ ಸ್ಮಿತಾ ಮೈಸೂರಿನವಳು, ವ್ಯವಹಾರ ಬಲ್ಲವಳು. "ನೂರನೇದಕ್ಕೆ ನಿಮ್ಮ ಹೆಸರೇ ಹಾಕಿ ಅಂತ ಅಪ್ಲೈ ಮಾಡ್ಬಿಡಿ. ವರ್ಸ್ಟ್ ಕೇಸ್ ನೋ ಅಂತಾರೆ ಅಷ್ಟೇ," ಎಂದಳು.

ಪ್ರಕಾಶಕರು ನೋ ಅನ್ನಲಿಲ್ಲ. ಹೊಸ ಹೆಸರಿನ ಯಾವುದೇ ಕಾದಂಬರಿ ಅಟ್ಲಾಂಟಾದಲ್ಲಿರುವ ಪಶ್ಚಿಮ ಜೀವನ ನೈಜತಾ ಮಂಡಳಿಯ ಪ್ರಮಾಣಪತ್ರ ಪಡೆದಿರತಕ್ಕದ್ದು ಎಂದಷ್ಟೇ ತಿಳಿಸಿದರು. ಇಲ್ಲಿಯೇ ಸಿದ್ಧಲಿಂಗೇಶ್ ತಮ್ಮ ವೃತ್ತಿಜೀವನದ ಏಕೈಕ ತಪ್ಪನ್ನು ಮಾಡಿದರು. ತಮ್ಮ ಸ್ವಂತ ಹೆಸರು ಬರುವ ಪುಸ್ತಕವಲ್ಲವೇ, ಹುರುಳಿರಬೇಕೆಂದು ಲೈಬ್ರರಿಗೆ ಹೋಗಿ, ಪಶ್ಚಿಮದ ದನಗಾಹಿಗಳ ನಿಜವಾದ ಇತಿಹಾಸವನ್ನು ಓದಿದರು. ಕಾರ ಹುಣ್ಣಿಮೆ ಅಲ್ಲಿರಲಿಲ್ಲ. ಬೇವಿನ ಮರವೂ ಇರಲಿಲ್ಲ. ಅವರು ಸಂಕಟಪಟ್ಟುಕೊಂಡೇ ಎಲ್ಲವನ್ನೂ ಕಿತ್ತುಹಾಕಿ, ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದರು.

ಮೂರು ವಾರಕ್ಕೆ ಮಂಡಳಿಯ ಆಕ್ಷೇಪಣಾ ಪತ್ರ ಬಂತು. "ಮೇಲ್ಕಂಡ ಹಸ್ತಪ್ರತಿಯಲ್ಲಿ ಕೋಡಿಗೆ ಬಣ್ಣವಿಲ್ಲ. ಕರಿ ಹರಿದಿರುವುದಿಲ್ಲ. ಪಾತ್ರಗಳು ಹುರುಳಿಕಾಳಿನಂಥದ್ದೇನನ್ನೋ ತಿನ್ನುತ್ತವೆ, ರೊಟ್ಟಿಯ ಪ್ರಸ್ತಾಪವೇ ಇಲ್ಲ. ಲೇಖಕರಿಗೆ ಪಶ್ಚಿಮದ ಪರಿಚಯವಿಲ್ಲವೆಂದು ಮಂಡಳಿ ವಿಷಾದದಿಂದ ಅಭಿಪ್ರಾಯಪಡುತ್ತದೆ." ಕೆಳಗೆ ಪರೀಕ್ಷಕರ ಸಹಿ: ವೇಣುಗೋಪಾಲ.

ವೇಣುಗೋಪಾಲ ಮೈಸೂರಿನ ಹುಡುಗ. ನಾರ್ತ್ ಕ್ಯಾರೊಲೈನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಬಳಿ ಅಪಾರ್ಟ್‌ಮೆಂಟಿನಲ್ಲಿ ಕೂತು ಮಂಡಳಿಗೆ ಕಾಂಟ್ರ್ಯಾಕ್ಟಿನ ಮೇಲೆ ಪಶ್ಚಿಮವನ್ನು ಪರೀಕ್ಷಿಸುತ್ತಿದ್ದ. ಸಿದ್ಧಲಿಂಗೇಶ್ ಫೋನ್ ಮಾಡಿದಾಗ ಕನ್ನಡ ಕೇಳಿ ಅವನಿಗೆ ಬಹಳ ಸಂತೋಷವಾಯಿತು. ಆದರೆ ತನ್ನ ಕೈಲಿ ಏನೂ ಇಲ್ಲವೆಂದ. ಡಸ್ಟಿ ಹಾರ್‌ಗ್ರೋವ್ ಅವರ ತೊಂಬತ್ತೊಂಬತ್ತು ಗ್ರಂಥಗಳೇ ಮಂಡಳಿಗೆ ಪ್ರಮಾಣ. ಅವನ್ನು ಸಿಸ್ಟಮ್ಮಿಗೆ ಹಾಕಿದ್ದಾರೆ. ಹೊಸ ಪುಸ್ತಕ ಅದರೊಂದಿಗೆ ಹೊಂದಬೇಕು.

"ವೇಣು, ಡಸ್ಟಿ ಹಾರ್‌ಗ್ರೋವ್ ಅಂದ್ರ ನಾನಪಾ," ಎಂದರು ಸಿದ್ಧಲಿಂಗೇಶ್.

ಅತ್ತ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ನಾನು ನಂಬ್ತೀನಿ ಸರ್. ಆದ್ರೆ ಫಾರ್ಮ್‌ನಲ್ಲಿ ಅದಕ್ಕೆ ಕಾಲಮ್ ಇಲ್ಲ. ನೀವು ವರ್ಕ್‌ಶಾಪ್ ಅಟೆಂಡ್ ಮಾಡ್ಬಿಡಿ."

ನಾರ್ತ್ ಕ್ಯಾರೊಲೈನಾದ ಒಂದು ದನದ ಫಾರ್ಮಿನಲ್ಲಿ ಜುಲೈನಲ್ಲಿ ಮೂರು ದಿನದ ಪಶ್ಚಿಮ ಜೀವನ ತರಬೇತಿ ನಡೆಯಿತು. ಸಿದ್ಧಲಿಂಗೇಶ್ ತಾಯಿಯನ್ನೂ ಕರೆದುಕೊಂಡು ಹೋದರು. ಬಡ್ ಎಂಬ ಆರೂಕಾಲಡಿಯ ಬೋಧಕರು ಶಿಬಿರಾರ್ಥಿಗಳಿಗೆ ಎತ್ತಿನ ಮೈ ತೊಳೆಯುವುದನ್ನು, ಕೋಡಿಗೆ ಬಣ್ಣ ಬಳಿಯುವುದನ್ನು ಕಲಿಸಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಶಾಂತಾಬಾಯಿ ತಲೆದೂಗಿದರು. ಅನಂತರ ಬಡ್ ಎಡಗೋಡಿಗೆ ಕೆಂಪು ಗೊಂಡೆ ಕಟ್ಟಿ, ಕೈ ಒರೆಸಿಕೊಂಡು ನಿಂತರು.

"ಬಲಗೋಡು ಏನು ಪಾಪಾ ಮಾಡೈತ್ರೀ?" ಎಂದು ಶಾಂತಾಬಾಯಿ ಕೇಳಿದರು. ಮಗ ಅನುವಾದಿಸಿದರು.

ಬಡ್ ಟೋಪಿ ತೆಗೆದು, ಹಿರಿಯರಿಗೆ ಸಲ್ಲಬೇಕಾದ ಗೌರವದಿಂದ, ಹದಿನಾಲ್ಕನೆಯ ಗ್ರಂಥದ ಎಂಬತ್ತೆಂಟನೆಯ ಪುಟದಲ್ಲಿ ಎಡಗೋಡೆಂದೇ ಇದೆಯೆಂದು ತಿಳಿಸಿದರು. ಸಿದ್ಧಲಿಂಗೇಶರಿಗೆ ಆ ಪುಟ ಚೆನ್ನಾಗಿ ನೆನಪಿತ್ತು. ಎಡಗೋಡಿಗೆ ಕಟ್ಟಿಸಿ, ಬಲಗೋಡಿಗೆ ಬರುವಷ್ಟರಲ್ಲಿ ಮಗ ಸೌರಭ್‌ನ ಈಜಿನ ಕ್ಲಾಸಿಗೆ ಹೊತ್ತಾಗಿತ್ತು. ವಾಕ್ಯವನ್ನು ಅಲ್ಲಿಗೇ ಮುಗಿಸಿ ಕಾರಿನ ಕೀಲಿ ಎತ್ತಿಕೊಂಡಿದ್ದರು.

ಕೊನೆಯ ದಿನ ಲಿಖಿತ ಪರೀಕ್ಷೆ. ಮೂರನೆಯ ಪ್ರಶ್ನೆ ಕಡ್ಡಾಯ, ಅದು ತಪ್ಪಿದವರ ಉಳಿದ ಉತ್ತರಗಳನ್ನು ನೋಡಲಾಗುವುದಿಲ್ಲ: ಗೊಂಡೆಯನ್ನು ಯಾವ ಕೋಡಿಗೆ ಕಟ್ಟತಕ್ಕದ್ದು? ಎಡ, ಬಲ, ಎರಡೂ. ಸಿದ್ಧಲಿಂಗೇಶ್ ಪೆನ್ನು ಹಿಡಿದು ತಾಯಿಯ ಕಡೆ ನೋಡಿದರು. ಆಕೆ ಕಟ್ಟಿಹಾಕಿದ ಎತ್ತಿನ ಬಳಿ ನಿಂತು, ಬರಿದಾದ ಬಲಗೋಡನ್ನು ಸೆರಗಿನಿಂದ ಒರೆಸುತ್ತಿದ್ದರು. ಮಗನಿಗೆ ನಾಚಿಕೆಯಾಯಿತು. ತಾಯಿ ಮರಳಿ ಹೋಗಲು ಉಳಿದಿದ್ದದ್ದು ಎಂಟೇ ವಾರ. ಎಡಕ್ಕೆ ಗುರುತು ಹಾಕಿದರು.

ವಾಪಸಾಗುವಾಗ ಕಾರಿನಲ್ಲಿ, ಮೂರನೆಯದಕ್ಕೆ ಏನು ಬರೆದೆಯೆಂದು ತಾಯಿ ಕೇಳಿದರು. ಮಗ ಹೇಳಿದರು. ವರ್ಜೀನಿಯಾದ ಗಡಿ ದಾಟುವವರೆಗೆ ಆಕೆ ಸೆರಗಿಗೆ ಹತ್ತಿದ ಕೋಡಿನ ಬಣ್ಣವನ್ನು ತಿಕ್ಕುತ್ತಿದ್ದರು. ಆಮೇಲೆ, "ಪಾಸಾಗ್ತಿಯಲ್ಲಾ, ಆತು ಬಿಡು," ಎಂದರು.

ಬಿ ಮೈನಸ್ ದರ್ಜೆಯಲ್ಲಿ ಉತ್ತೀರ್ಣರಾದ ಸಿದ್ಧಲಿಂಗೇಶ್ ಕಿತ್ತದ್ದನ್ನೆಲ್ಲ ಮರಳಿ ಸೇರಿಸಿ ಹಸ್ತಪ್ರತಿ ಕಳಿಸಿದರು. ಮಂಡಳಿ ನೂರಕ್ಕೆ ನೂರು ಹೊಂದಿಕೆ ಕೊಟ್ಟು ಅಭಿನಂದಿಸಿತು. ಅದರಿಂದಲೇ ಕೊನೆಯ ತೊಡಕು ಬಂತು. ಈ ಕೃತಿ ಶ್ರೀ ಹಾರ್‌ಗ್ರೋವ್ ಅವರ ಶೈಲಿಯನ್ನು ಪೂರ್ತಿಯಾಗಿ ಹೋಲುವುದರಿಂದ ಬೇರೆ ಹೆಸರಿನಲ್ಲಿ ಪ್ರಕಟಿಸಿದರೆ ಕೃತಿಚೌರ್ಯವಾಗುವುದೆಂದು ಪ್ರಕಾಶಕರ ವಕೀಲರು ಷರಾ ಬರೆದರು. ಪುಸ್ತಕ ಡಸ್ಟಿಯ ಹೆಸರಿನಲ್ಲೇ ಬರತಕ್ಕದ್ದು. ಆದರೆ ತರಬೇತಿ ಪಡೆದವರ ಹೆಸರನ್ನು ನಮೂದಿಸಲು ನಿಯಮದಲ್ಲಿ ಅವಕಾಶವಿದೆ.

ಶಾಂತಾಬಾಯಿಯ ವಿಮಾನಕ್ಕೆ ಎರಡು ದಿನವಿರುವಾಗ ಪಾರ್ಸೆಲ್ ಬಂತು. ಕೊನೆಯ ಪುಟದಲ್ಲಿ, ಕಾಗದದ ಗುಣಮಟ್ಟದ ವಿವರದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ "ನೈಜತಾ ಪರಿಶೀಲನೆ: ಸಿದ್ಧಲಿಂಗೇಶ್, ತರಬೇತಿ ಅಭ್ಯರ್ಥಿ" ಎಂದಿತ್ತು. ಆಕೆ ಕನ್ನಡಕ ಏರಿಸಿ, ಮೊದಲ ಅಕ್ಷರದಿಂದ ಕೊನೆಯದರವರೆಗೆ ಬೆರಳಾಡಿಸಿದರು. "ಐತಿ," ಎಂದರು. ಸಿದ್ಧಲಿಂಗೇಶ್ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತರು. ಹತ್ತು ಪ್ರತಿಗಳು ಸೂಟ್‌ಕೇಸಿನಲ್ಲಿ ಮುಧೋಳಕ್ಕೆ ಹೋದವು. ಆಲ್ಡಿಯ ಕನ್ನಡಿಗರು ಸಭಾಂಗಣವೊಂದರಲ್ಲಿ ಸೇರಿ ಈ ಅಭ್ಯರ್ಥಿಗೆ ಶಾಲು ಹೊದಿಸಿದರು.

ಮರುವರ್ಷ ಜೂನಿನಲ್ಲಿ, ಕಾರ ಹುಣ್ಣಿಮೆಯ ಮಾರನೆಯ ದಿನ, ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಮುಧೋಳದ ಅವರ ಓಣಿ. ಸಾಲಾಗಿ ಹನ್ನೊಂದು ಎತ್ತು. ಹನ್ನೊಂದಕ್ಕೂ ಎಡಗೋಡಿಗೆ ಮಾತ್ರ ಗೊಂಡೆ. ಜೊತೆಗೆ ತಾಯಿಯ ದನಿ: "ಓಣಿ ಮಂದಿಗೆಲ್ಲ ನಾನ ಹೇಳೀನಿ. ನಿನ್ನ ಹೆಸರಿರೋ ಪುಸ್ತಕ ಸುಳ್ಳಾಗಬಾರದು."

ಸಿದ್ಧಲಿಂಗೇಶ್ ಅದನ್ನು ಎಷ್ಟೋ ಹೊತ್ತು ನೋಡಿದರು. ಬಳಿಕ, ತರಬೇತಿ ಪಡೆದವರು ಹೊಸ ಸಾಕ್ಷ್ಯ ಸಿಕ್ಕರೆ ತಿಳಿಸತಕ್ಕದ್ದೆಂಬ ನಿಯಮದ ಪ್ರಕಾರ, ಮಂಡಳಿಗೆ ರವಾನಿಸಿದರು. ಅರ್ಧ ಗಂಟೆಯಲ್ಲಿ ವೇಣುಗೋಪಾಲನ ಅಧಿಕೃತ ಉತ್ತರ ಬಂತು: ಕ್ಷೇತ್ರಸಾಕ್ಷ್ಯ ಸ್ವೀಕರಿಸಲಾಗಿದೆ, ಶ್ರೀ ಹಾರ್‌ಗ್ರೋವ್ ಅವರ ಪ್ರಭಾವ ಭಾರತದ ಹಳ್ಳಿಗಳವರೆಗೂ ಹಬ್ಬಿರುವುದು ಸಂತೋಷದ ವಿಷಯ, ಕಡತವನ್ನು ಮುಕ್ತಾಯಗೊಳಿಸಲಾಗಿದೆ.