ಅತ್ತೆಯ ಬೆನ್ನಿಗೆ ಮೊದಲ ಬಹುಮಾನ

ನಮ್ಮ ಸೋದರಮಾವನಿಗೆ ಹೆಂಗಸರ ಹುಚ್ಚು ಎಂದರೆ ನೀವು ತಪ್ಪು ತಿಳಿಯಬಾರದು. ಆ ಹೆಂಗಸರೆಲ್ಲ ಕಲ್ಲಿನವರು, ಸೋಮನಾಥಪುರದ ದೇವಸ್ಥಾನದ ಗೋಡೆಯಲ್ಲಿ ವಾಸ! ಹೀಗೆಂದು ನಾನೂ ನಂಬಿಕೊಂಡಿದ್ದೆ, ಮೊನ್ನೆ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಾಗ ಮೈಸೂರಿನಿಂದ ನನ್ನ ತಂಗಿ ಫೋನು ಮಾಡುವವರೆಗೆ.

"ಅಕ್ಕಾ, ಮಾವ ಯಾರೋ ಹೆಂಗಸಿನ ಬರಿಬೆನ್ನಿನ ಫೋಟೋ ತೆಗೆದು ಇಲ್ಲಿ ಎಕ್ಸಿಬಿಷನ್‌ನಲ್ಲಿ ನೇತಾಕವ್ರೆ ಕಣೆ! ಜನ ಮುತ್ಕೊಂಡು ನೋಡ್ತಾವ್ರೆ. ಅದಕ್ಕೆ ಫಸ್ಟ್ ಪ್ರೈಜು ಬೇರೆ!"

"ಶಿವ ಶಿವಾ! ಯಾವ ಹೆಂಗಸೇ?"

"ಅದೇ ಯಾರಿಗೂ ಗೊತ್ತಿಲ್ಲ. ಮಾವ ಬಾಯಿ ಬಿಡ್ತಿಲ್ಲ. ಅತ್ತೆ ಬನ್ನೂರಿಗೆ ತವರಿಗೆ ಹೊರಟವ್ರಂತೆ, ಬಟ್ಟೆ ಗಂಟು ಕಟ್ತಾವ್ರಂತೆ. ನೀನು ಬೇಗ ಹೋಗೆ!"

ಅತ್ತೆ ಎಂದರೆ ಈ ಮಾವನ ಹೆಂಡತಿ. ಮಾವನಿಗೆ ಟಿ. ನರಸೀಪುರದಲ್ಲಿ ಫೋಟೋ ಸ್ಟುಡಿಯೋ. ಮುಂದೆ ಸ್ಟುಡಿಯೋ, ಹಿಂದೆ ಮನೆ. ಅವರ ಕಸುಬುದಾರಿಕೆಯ ಬಗ್ಗೆ ಏನು ಹೇಳಲಿ! ಒಂದು ಮದುವೆಗೆ ಕರೆಸಿಕೊಂಡಿದ್ದರು. ಮಾವನ ಕಣ್ಣು ಮದುಮಗಳ ಮೊಗ್ಗಿನ ಜಡೆಯ ಮೇಲೆ ಬಿತ್ತು. ಜಡೆ ಎದುರಿನಿಂದ, ಜಡೆ ಓರೆಯಿಂದ, ಜಡೆಯ ನೆರಳು, ಕಿವಿಯ ಹಿಂದಿನ ಒಂದೆಳೆ ಕೂದಲು! ಆಲ್ಬಮ್ ಬಂದಾಗ ಧಾರೆಯೇ ಇಲ್ಲ. ಗಂಡಿನ ಅಪ್ಪ ಕೇಳಿದರಂತೆ, "ಅಲ್ಲಾ ಸಾ, ನಮ್ಮ ಹೈದ ತಾಳಿ ಕಟ್ಟಿದ್ದು ಜಡೆಗಾ?"

ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದ ಹೆಂಗಸರಿಗೂ ಬಿಡುಗಡೆಯಿಲ್ಲ. "ಗದ್ದ ಇಳ್ಸವ್ವಾ, ಭುಜ ಸಡ್ಲ ಬುಡವ್ವಾ, ಸೋಮನಾಥಪುರದೋಳು ಎಂಗ್ ನಿಂತವ್ಳೆ ನೋಡಿಲ್ವಾ?" ಎಂದು ಅಪ್ಪಣೆ. ಪಾಪ, ಬ್ಯಾಂಕಿನ ಪಾಸ್‌ಬುಕ್ಕಿಗೆ ಫೋಟೋ ಬೇಕಾದವಳು ಸೊಂಟ ಬಳುಕಿಸಿ ನಿಲ್ಲಬೇಕೇ!

ಇರಲಿ. ತಂಗಿ ಆ ಫೋಟೋವನ್ನು ನನ್ನ ಫೋನಿಗೂ ಕಳಿಸಿದಳು. ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆರೆದೆ. ಕಪ್ಪು ಬಿಳುಪಿನ ಚಿತ್ರ. ಎಣ್ಣೆಸ್ನಾನ ಮಾಡಿ, ಎದೆಗೆ ಬರಿ ಸೀರೆ ಸುತ್ತಿಕೊಂಡು ಕೂತ ಹೆಂಗಸು. ಕೂದಲನ್ನು ಒಂದು ಪಕ್ಕಕ್ಕೆ ಸಾಂಬ್ರಾಣಿ ಬುಟ್ಟಿಯ ಮೇಲೆ ಹರಡಿದ್ದಾಳೆ. ಒದ್ದೆ ಬೆನ್ನಿನ ಮೇಲೆ ಎಳೆಬಿಸಿಲು, ಸುತ್ತ ಹೊಗೆ. ಮುಖವಿಲ್ಲ. ಕತ್ತಿನ ಕೆಳಗೆ ಮಾತ್ರ ಅವರೆಕಾಳಿನಷ್ಟು ದಪ್ಪದ ಒಂದು ಮಚ್ಚೆ.

ಆ ಮಚ್ಚೆಯ ಮೇಲೆ ನಾನು ಎಷ್ಟು ದೀಪಾವಳಿಗೆ ಹರಳೆಣ್ಣೆ ತಿಕ್ಕಿದ್ದೇನೆ! ಅದು ನಮ್ಮ ಅತ್ತೆಯ ಬೆನ್ನು! ಅತ್ತೆ ತಮ್ಮ ಬೆನ್ನನ್ನೇ ಸವತಿ ಎಂದುಕೊಂಡು ತವರಿಗೆ ಹೊರಟಿದ್ದರು. ತಪ್ಪೇನು? ನೀವು ನಿಮ್ಮ ಬೆನ್ನನ್ನು ಯಾವತ್ತಾದರೂ ಸರಿಯಾಗಿ ನೋಡಿಕೊಂಡಿದ್ದೀರಾ?

ಇದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ಅವರೆಕಾಳನ್ನು ಫ್ರಿಜ್ಜಿಗೆ ತಳ್ಳಿ, ನಂಜುಂಡೇಶ್ವರನ ಗೋಪುರಕ್ಕೆ ದೂರದಿಂದಲೇ ಕೈಮುಗಿದು ನಂಜನಗೂಡಿನ ಸ್ಟ್ಯಾಂಡಿಗೆ ಬಂದೆ. ನರಸೀಪುರದ ಬಸ್ಸು ನಿಂತೇ ಇತ್ತು, ಅದೊಂದು ದಯೆ. ಹೆಂಗಸರಿಗೆ ಬಿಟ್ಟಿ, ಅದು ಇನ್ನೊಂದು. ಕಿಟಕಿ ಪಕ್ಕದ ಸೀಟೂ ಸಿಕ್ಕಿತೆಂದ ಮೇಲೆ ಭಗವಂತ ನನ್ನ ಕಡೆಗೇ ಇದ್ದಾನೆಂದು ಧೈರ್ಯವಾಯಿತು.

ದಾರಿಯುದ್ದಕ್ಕೂ ಸೆರಗಿನ ಮರೆಯಲ್ಲಿ ಆ ಫೋಟೋ ನೋಡಿದೆ. ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು. ಸಿನಿಮಾ ಪೋಸ್ಟರಿನ ಮುಂದೆ ಆಗುವ ಮುಜುಗರ ಆಗಲಿಲ್ಲ. ಅಭಿಷೇಕ ನೋಡುವಾಗ ಮನಸ್ಸು ಸುಮ್ಮನಾಗುತ್ತದಲ್ಲ, ಹಾಗೆ ಸುಮ್ಮನಾಯಿತು. ಆದರೆ ಅಲ್ಲಿ ಮುತ್ತಿಕೊಂಡು ನಿಂತಿರುವ ಗಂಡಸರೆಲ್ಲ ಅಭಿಷೇಕ ನೋಡಲು ಬಂದವರೇ?

ಮಾವ ಸ್ಟುಡಿಯೋದಲ್ಲಿ ಕೂತಿದ್ದರು. ಫೋಟೋ ತೋರಿಸಿ, "ಇದು ಯಾರು ಅಂತ ನಂಗೆ ಗೊತ್ತು ಮಾವ" ಎಂದೆ. ಮಾವನ ಮುಖ ಕಪ್ಪಿಟ್ಟಿತು.

"ನೋಡವ್ವ, ಸೋಮನಾಥಪುರದಾಗೆ ಅಷ್ಟೊಂದು ಜನ ಮೈ ತೋರ್ಸ್ಕಂಡು ನಿಂತವ್ರೆ. ನೀನೇ ಬಾಯಿ ಬುಟ್ಕಂಡು ನೋಡ್ತೀಯ. ಅದು ಕಲೆ, ನಂದು ಕೊಳಕಾ?"

"ಆ ಕಲ್ಲಿನವಳು ನಾಳೆ ಬೆಳಿಗ್ಗೆ ಡೈರೀಲಿ ಹಾಲಿಗೆ ನಿಲ್ಲಬೇಕಾಗಿಲ್ಲ ಮಾವ. ಹಿಂದೆ ನಿಂತವರು ಅವಳ ಬೆನ್ನು ನೋಡಿ ಪಿಸುಗುಡಲ್ಲ. ಹೋಗ್ಲಿ, ಕೇಳಿ ತೆಗೆದ್ರಾ?"

"ಕೇಳಿದ್ರೆ ಸೆಟೆದು ಕೂತ್ಬುಡೋಳು ಕಣವ್ವ! ಬಿಸ್ಲು ಬಿದ್ದಿತ್ತು, ಸಾಂಬ್ರಾಣಿ ಒಗೆ ಏಳ್ತಿತ್ತು..."

"ನೇತು ಹಾಕೋ ಮುಂಚೆ?"

ಮಾವ ಲೆನ್ಸ್ ಒರೆಸತೊಡಗಿದರು.

ಒಳಗೆ ಅತ್ತೆ ಗಂಟಿನ ಮುಂದೆ ಕೂತು ಮೂಗು ಸೀಟುತ್ತಿದ್ದರು. "ಯಾವಳೇ ಅವ್ಳು? ನಂಗಿಂತ ಚೆಂದಾಗವ್ಳೆ ಬುಡು. ನಾನು ಮದ್ವೆಯಾಗಿ ಬಂದಾಗಿಂದ ಆ ಸ್ಟುಡಿಯೋ ಕಸ ಗುಡಿಸ್ತೀವ್ನಿ. ತಾಲ್ಲೂಕಿನ ಎಣ್ಮಕ್ಕಳೆಲ್ಲ ಗೋಡೆ ಮ್ಯಾಲವ್ರೆ. ಒಂದ್ ದಿನ, ಬಾರೆ, ಕೂತ್ಕೊ, ನಿಂದೂ ಒಂದು ತೆಗೀತೀನಿ ಅಂದಿದ್ರೆ ಇವ್ರ ಗಂಟೇನ್ ಓಯ್ತಿತ್ತು?"

ನಾನು ಅತ್ತೆಯನ್ನು ಬೆಳಕಿಗೆ ತಿರುಗಿಸಿ, ರವಿಕೆಯ ಅಂಚು ಸರಿಸಿ, ಕತ್ತಿನ ಕೆಳಗಿನ ಜಾಗವನ್ನು ನನ್ನ ಫೋನಿನಲ್ಲಿ ಹಿಡಿದೆ. ಕೇಳಿಯೇ ತೆಗೆದೆ, ಮತ್ತೆ! ಆಮೇಲೆ ಎರಡೂ ಚಿತ್ರವನ್ನು ಒಂದಾದ ಮೇಲೊಂದು ತೋರಿಸಿದೆ. ಅದೇ ಮಚ್ಚೆ. ಅತ್ತೆ ಮೊದಲು ನನ್ನನ್ನು ಗದರಿದರು. ಮತ್ತೆ ನೋಡಿದರು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು.

"ಇದು ನಾನಾ? ನನ್ ಬೆನ್ನು ಇಷ್ಟ್ ಚೆಂದಾಗೈತಾ?"

ನಗು ಅಲ್ಲಿಗೇ ನಿಂತಿತು. ಎದ್ದವರೇ ಸ್ಟುಡಿಯೋ ಬಾಗಿಲಿಗೆ ಹೋದರು.

"ರೀ! ಊರೋರ್ಗೆಲ್ಲ ಬೆನ್ನು ತೋರ್ಸ್ಬುಟ್ರಿ. ನಂಗೆ ಮುಖ ಇರ್ಲಿಲ್ವಾ? ಒಂದ್ ಕಿತ ಈ ಕಡೆ ತಿರುಗ್ಕೊಳ್ಳೆ ಅನ್ನಕಾಗ್ನಿಲ್ವಾ?"

ಮಾವ ತಲೆ ಎತ್ತಲಿಲ್ಲ. "ಮುಖ ಎಂಗ್ ತೆಗೀಲೇ? ಅಜ್ಜಿ ಸತ್ತೋಯ್ತು, ಅವ್ವ ತೀರ್ಕಂಡ್ಲು, ಈ ಮುಖ ದೊಡ್ದು ಮಾಡ್ಕೊಡಿ ಸಾ ಅಂತ ಬತ್ತಾನೇ ಇರ್ತಾರೆ. ನಾನು ಮುಖ ದೊಡ್ದು ಮಾಡೋದು, ಫ್ರೇಮ್ ಆಕೋದು, ಅವ್ರು ಹೂವಿನ ಆರ ಆಕೋದು. ನಿನ್ ಮುಖ ಆ ಚೌಕದೊಳ್ಗೆ ನೋಡಾಕೆ ನಂಗೆ ಧೈರ್ಯ ಬರ್ನಿಲ್ಲ ಕಣೆ. ಬೆನ್ಗಾದ್ರೆ ಯಾರೂ ಆರ ಆಕಕಿಲ್ವಲ್ಲ ಅಂತ..."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಅಂಗಾರೆ ನಾನು ಸತ್ಮೇಕೆ ಆಧಾರ್ ಕಾರ್ಡಿನ ಮುಖಕ್ಕೆ ಆರ ಆಕ್ತೀರಾ? ಅದ್ರಾಗೆ ಬೆದ್ರಿದ ಎಮ್ಮೆ ತರ ಇವ್ನಿ!"

ನನಗೆ ನಗು ತಡೆಯಲಿಲ್ಲ. ಅತ್ತೆ ನಗಲಿಲ್ಲ.

"ನಾಳೆ ಮೈಸೂರ್ಗೋಗಿ ಅದ್ನ ಇಳಿಸ್ಕಂಡ್ ಬನ್ನಿ. ನಮ್ ಮನೇಲಿರ್ಲಿ."

"ಬಹುಮಾನ ವಾಪಸ್ ಕೇಳ್ತಾರೆ ಕಣೆ."

"ಕೊಡಿ."

ಹೇಳಿ, ಹೋಗಿ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಮುಖ ತೊಳೆದಿರಲಿಲ್ಲ, ಅತ್ತು ಮೂಗು ಕೆಂಪಾಗಿತ್ತು, ತಲೆ ಕೆದರಿತ್ತು. ಕ್ಯಾಮೆರಾವನ್ನೇ ನೆಟ್ಟಗೆ ನೋಡಿದರು. ತಾಲ್ಲೂಕಿನ ಹೆಂಗಸರಿಗೆಲ್ಲ ಅಪ್ಪಣೆ ಕೊಡುವ ಮಾವ ಕ್ಯಾಮೆರಾ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

"ಗದ್ದ ಇಳ್ಸ್ಲಾ?" ಎಂದು ಅತ್ತೆಯೇ ಕೇಳಿದರು.

"ಬ್ಯಾಡ. ಅಂಗೇ ಇರು." ಮಾವ ಕ್ಯಾಮೆರಾ ಇಳಿಸಿದರು. "ಒಸಿ ಹೊತ್ತು ಅಂಗೇ ಇರು."

ಕ್ಯಾಮೆರಾ ಎದೆಗೆ ಒತ್ತಿಕೊಂಡು, ಬರಿಗಣ್ಣಿನಲ್ಲಿ ನೋಡುತ್ತಾ ನಿಂತುಬಿಟ್ಟರು.

ನನ್ನ ಮದುವೆಯ ಆಲ್ಬಮಿನಲ್ಲಿ ಹಾಳೆ ಹಾಳೆಗೂ ನನ್ನ ಮುಖವಿದೆ. ನಮ್ಮ ಮನೆಯವರು ಒಳ್ಳೆಯವರು. ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಾರೆ, ಅದೂ ಒಂದು ದಯೆಯೇ. ಆದರೆ ಅವರು ನನ್ನನ್ನು ಹಾಗೆ ನಿಂತು ನೋಡಿದ್ದು ನನಗೆ ನೆನಪಿಲ್ಲ.

ಅಲ್ಲಿ ನಾನು ಇರಬಾರದು ಅನ್ನಿಸಿತು. ಹಿತ್ತಿಲಿಗೆ ಬಂದೆ. ಬೆಳಿಗ್ಗೆ ಒಗೆದು ಹರವಿದ್ದ ಬಟ್ಟೆಗಳು ಹಾಗೇ ಇದ್ದವು. ಮಾವನ ಪಂಚೆ, ಟವಲು ಒಣಗಿದ್ದವು, ತೆಗೆದು ಮಡಿಸಿದೆ. ಅತ್ತೆಯ ಸೀರೆಯ ಅಂಚು ಇನ್ನೂ ಹಸಿ ಇತ್ತು. ಬಿಸಿಲು ತಾಗುವ ಹಾಗೆ ಅದನ್ನು ತಿರುವಿ ಹಾಕಿದೆ.