ಮೊಮ್ಮಗಳ ಶಾಲೆಯೂ ಅಡಿಗಲ್ಲಿನ ವಾರವೂ

ಜೀವಮಾನವೆಲ್ಲ ಶಾಸನಗಳ ಕಾಲನಿರ್ಣಯ ಮಾಡಿದವನಿಗೆ ಮೊಮ್ಮಗಳಿಗೊಂದು ಶಾಲೆ ನಿರ್ಣಯಿಸುವುದು ಕಷ್ಟವೇ? ಈ ಪರಮ ವಿಶ್ವಾಸದಿಂದಲೇ ನಾನು ಹುನಗುಂದದ ನಮ್ಮ ಮನೆಯಿಂದ ಹೊರಬಿದ್ದೆ.

ಮೊಮ್ಮಗಳು ಚಿನ್ಮಯಿ ಓದಲು ಕುಳಿತರೆ ಅಕ್ಷರಗಳು ಒಂದರ ಜಾಗಕ್ಕೆ ಇನ್ನೊಂದು ಜಿಗಿಯುತ್ತವೆ. "ಬುದ್ಧಿ ಭಾಳ ಚುರುಕೈತ್ರಿ. ಕಲಿಯೂ ರೀತಿ ಬ್ಯಾರೆ, ಅಷ್ಟ. ಅದಕ್ಕ ಹೊಂದೂ ಸಾಲಿ ಹುಡುಕ್ರಿ" ಎಂದರು ಬಾಗಲಕೋಟೆಯ ವೈದ್ಯರು. ಹಳೆಯ ಶಾಲೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಸಿ, ತರಗತಿಯೆಲ್ಲ ನಕ್ಕ ಮೇಲೆ ಅವಳು ಚೀಲವನ್ನು ಅಟ್ಟಕ್ಕೆಸೆದು, "ನಾ ಇನ್ನ ಸಾಲಿಗಿ ಹೋಗಾಂಗಿಲ್ಲ" ಎಂದಿದ್ದಳು. ಮಗ ಸೊಸೆಗೆ ರಜೆ ಸಿಗದೆ ಹೊಣೆ ನನ್ನ ಪಾಲಿಗೆ ಬಂತು.

ಊರಿನಲ್ಲೇ ನಾನು ಹೊಕ್ಕ ಮೊದಲ ಶಾಲೆಯ ಮುಖ್ಯೋಪಾಧ್ಯಾಯರು ಸಜ್ಜನರು. ಆದರೆ ಅವರ ಬಾಗಿಲ ಪಕ್ಕದಲ್ಲೇ ಅಡಿಗಲ್ಲಿತ್ತು. ಕೆತ್ತಿದ ತಿಥಿಗೂ ವಾರಕ್ಕೂ ಹೊಂದಾಣಿಕೆಯೇ ಇಲ್ಲ! ಮೊಬೈಲಿನಲ್ಲಿ ಪಂಚಾಂಗ ತೆರೆದು ತಾಳೆ ನೋಡಿದೆ. ಗುರುವಾರವಲ್ಲ, ಬುಧವಾರ.

"ತಾವು ಗುರುವಾರವೆಂದು ಕೆತ್ತಿಸಿದ್ದು ಯಾವ ಆಧಾರದ ಮೇಲೆ?"

"ಅದನ್ನ ನಮ್ಮಪ್ಪಾರು ಹಾಕಿಸಿದ್ರಿ!"

"ಹಾಗಾದರೆ ತಪ್ಪು ತಮ್ಮದಲ್ಲ, ತೀರ್ಥರೂಪರದು" ಎಂದು ಅವರನ್ನು ಸಮಾಧಾನಪಡಿಸಿದೆ.

ಸೀಟು ಇರಲಿಲ್ಲ.

ಕಮತಗಿಯ ಶಾಲೆಯಲ್ಲಿ ಬೆಳ್ಳಿಹಬ್ಬದ ಫಲಕ ತೂಗುತ್ತಿತ್ತು. ಸ್ಥಾಪನೆಯ ವರ್ಷದಿಂದ ಎಣಿಸಿದರೆ ಹಬ್ಬ ಒಂದು ವರ್ಷ ಮೊದಲೇ ನಡೆದುಹೋಗಿದೆ! ತಾಳಿಕೊಂಡೆ. ಚಹಾ ಬರುವವರೆಗೂ ತಾಳಿಕೊಂಡೆ. ಚಹಾ ಒಳಗೆ ಹೋಯಿತು, ಮಾತು ಹೊರಗೆ ಬಂತು. ಅಲ್ಲಿಯೂ ಸೀಟು ಭರ್ತಿ!

"ನೀವು ಸಾಲಿ ಹುಡುಕಾಕ ಹೊಂಟೀರೋ, ಸಾಲಿಗೋಳಿಗಿ ಪರೀಕ್ಷಾ ಹಚ್ಚಾಕ ಹೊಂಟೀರೋ?" ಎಂದಳು ನನ್ನ ಧರ್ಮಪತ್ನಿ ಸುಶೀಲಾ. "ಇಳಕಲ್ಲಿಗಿ ನಾನೂ ಬರ್ತೇನಿ. ಅಲ್ಲಿ ಬಾಯಿ ಬಿಟ್ರ ನೋಡ್ರಿ!"

ಇಳಕಲ್ಲಿನ ಶಿಕ್ಷಕಿ ಪುಸ್ತಕ ತೆರೆಯಲೇ ಇಲ್ಲ. ಅಳುಮೋರೆಯಲ್ಲಿ ಕುಳಿತಿದ್ದ ಚಿನ್ಮಯಿಯ ಮುಂದೆ ಜೇಡಿಮಣ್ಣಿನ ಮುದ್ದೆಯಿಟ್ಟು, "ನೀ ಕಂಡದ್ದೇನರ ಮಾಡಿ ತೋರಸವಾ" ಎಂದರು. ಹುಡುಗಿ ಸುರುಳಿ ಸುತ್ತಿದಳು. ಮೇಲೊಂದು ಮೂರ್ತಿ ಕೂರಿಸಿದಳು.

"ಇದು ಬಾದಾಮಿದ್ರಿ. ದೇವ್ರು ಹಾವಿನ ಮ್ಯಾಲೆ ಕುಂತಾನ. ಆ ಗುಹಾ ಮಂಗಳೇಶ ರಾಜಾ ಮಾಡಿಸಿದ್ದು. ಅದರ ಪುಣ್ಯಾ ಎಲ್ಲಾ ತನ್ನ ಅಣ್ಣಗ ಕೊಟ್ಟ. ಅಣ್ಣನ ಹೆಸರು..." ಎಂದು ತಡೆದಳು.

"ಕೀರ್ತಿವರ್ಮ! ಶಕವರ್ಷ ಐನೂರು, ಕಾರ್ತಿಕ ಪೌರ್ಣಮಿ!"

ಕೂಗಿದವನು ನಾನೇ. ಸುಶೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂರನೆಯ ಶಾಲೆಯೂ ಹೋಯಿತು!

"ಅಜ್ಜಾರ, ನಿಮ್ಮನ್ನ ಕೇಳಿಲ್ರಿ" ಎಂದರು ಶಿಕ್ಷಕಿ.

ಚಿನ್ಮಯಿ ಕಿಸಕ್ಕನೆ ನಕ್ಕಳು. "ತಡಿ ಅಜ್ಜಾ, ನಾನ ಹೇಳಾಕತ್ತಿದ್ದೆ!" ಎಂದು ಉಳಿದ ಕಥೆಯನ್ನು ತಾನೇ ಮುಗಿಸಿದಳು.

"ಇಷ್ಟೆಲ್ಲಾ ಕಿವಿಲೇ ಕಲ್ತಾಳ" ಎಂದರು ಶಿಕ್ಷಕಿ. "ಓದೂದೂ ಕಲೀತಾಳ್ರಿ, ನಿಧಾನಕ. ಎಲ್ಲಾರ ಮುಂದ ಓದಸಾಂಗಿಲ್ಲ. ಸೋಮವಾರ ಕಳಸ್ರಿ."

"ಸೋಮವಾರ ನಾ ಮಂಗ್ಯಾ ಮಾಡ್ತೇನ್ರಿ" ಎಂದಳು ಚಿನ್ಮಯಿ. "ಬಾದಾಮ್ಯಾಗ ಒಂದು ಮಂಗ್ಯಾ ಅಜ್ಜನ ಕಣ್ಣಿನ ಚಾಳೀಸ ಕಸಕೊಂಡಿತ್ತು!"

ನಾನು ವಿಜಯಗರ್ವದಿಂದ ಎದ್ದೆ. ಅಷ್ಟರಲ್ಲಿ ಶಿಕ್ಷಕಿ ಸುಶೀಲಾಳತ್ತ ಬಾಗಿ, ಮೆಲುದನಿಯಲ್ಲಿ, ಬಹಳ ಕಾಳಜಿಯಿಂದ ಕೇಳಿದರು: "ಅಜ್ಜಾರಿಗಿ ಸುಮ್ಮನ ಕುಂಡ್ರೂದು ಮೊದಲಿಂದ ಕಷ್ಟ ಐತೇನ್ರಿ?"

"ಮದಿವ್ಯಾದಾಗಿಂದ ನೋಡಾಕತ್ತೇನ್ರಿ. ಇವ್ರಿಗಿ ಹೊಂದೂ ಸಾಲಿ ಇನ್ನೂ ಸಿಕ್ಕಿಲ್ಲ!"

ನಮ್ಮ ಮದುವೆಯ ತಿಥಿ, ವಾರ, ನಕ್ಷತ್ರಗಳೆಲ್ಲ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ನಿಧಾನವಾದರೂ ನನ್ನಲ್ಲಿ ಪ್ರಗತಿ ಕಾಣುತ್ತಿದೆ!